ಮೂರನೇ ಕಂಬಿಯ ಜಾಗ

ಭಾನುವಾರ ಬೆಳಿಗ್ಗೆ ಚಹಾಕ್ಕೆ ಹಾಲು ಬೆರೆಸುವ ಮೊದಲೇ ಹೆಡ್ಲಿ ಸಟ್‌ಕ್ಲಿಫ್‌ನ ರಕ್ತ ಕುದಿಯತೊಡಗಿತು. ಬಾಗಿಲ ಸಂದಿಯಲ್ಲಿ ಯಾರೋ ಕ್ಲಬ್ಬಿನ ಕಾಗದವೊಂದನ್ನು ತೂರಿಸಿ ಹೋಗಿದ್ದರು. ಇಂದಿನಿಂದ ಮೈದಾನದಲ್ಲಿ ಜನ ನಿಂತು ಆಟ ನೋಡುವ ಪೂರ್ವದ ಮೆಟ್ಟಿಲುಗಳ ಮೂರನೇ ಕಂಬಿಯ ಬಳಿ ಐಸ್‌ಕ್ರೀಮ್ ಬಂಡಿ ನಿಲ್ಲುತ್ತದೆ, ಅಭಿಮಾನಿಗಳು ಬೇರೆ ಕಡೆ ನಿಂತು ಸಹಕರಿಸಬೇಕು ಎಂದಿತ್ತು.

ಅಭಿಮಾನಿಗಳು ಎಂದರೆ ಯಾರು? ಆ ಕಂಬಿಗೆ ಒರಗಿ ನಿಲ್ಲುತ್ತಿದ್ದವನು ಹೆಡ್ಲಿ ಒಬ್ಬನೇ. ಹ್ಯಾಗ್‌ಡೇಲ್ ರೋವರ್ಸ್ ತಂಡ ಊರಿನಲ್ಲೂ ಪರವೂರಿನಲ್ಲೂ ಆಡಿದ ಒಂದು ರಗ್ಬಿ ಪಂದ್ಯವನ್ನೂ ಅವನು ನಲವತ್ತೊಂದು ವರ್ಷಗಳಿಂದ ತಪ್ಪಿಸಿರಲಿಲ್ಲ. ಸ್ವಂತ ತಂಗಿಯ ಮದುವೆಯ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದ. ಬಸ್ ಓಡಿಸುತ್ತಿದ್ದ ಕಾಲದಲ್ಲಿ ಭಾನುವಾರ ಬಿಡುವು ಸಿಗಲೆಂದು ಯಾರಿಗೂ ಬೇಡವಾದ ಪಾಳಿಗಳನ್ನೆಲ್ಲ ತಲೆ ಮೇಲೆ ಹೊತ್ತುಕೊಂಡಿದ್ದ. ಪ್ರತಿಯಾಗಿ ತಂಡ ಅವನಿಗೆ ಕೊಟ್ಟಿದ್ದೇನು? ಈ ವರ್ಷ ಸಾಲಾಗಿ ಹದಿನೆಂಟು ಸೋಲು. ಅದನ್ನೂ ಸಹಿಸಿಕೊಂಡವನಿಗೆ ಐಸ್‌ಕ್ರೀಮ್ ಸಹಿಸಲಾಗಲಿಲ್ಲ.

"ಹದಿನೆಂಟನ್ನೂ ಮಳೇಲಿ ನಿಂತು ನೋಡಿದೀನಿ, ಡೋರೀನ್," ಎಂದ ಗೋಡೆಯಾಚೆಯ ಪಕ್ಕದ ಮನೆಯಾಕೆಗೆ. "ನಂಗೆ ಕೊಡೋ ಮರ್ಯಾದೆ ಇದಾ?"

"ಅಷ್ಟೊಂದು ಸಿಟ್ಟು ಮಾಡ್ಕೋಬೇಡಿ. ಮುಖ ಬೀಟ್‌ರೂಟ್ ಆಗಿದೆ," ಎಂದಳು ಡೋರೀನ್, ಬಟ್ಟೆ ಒಣಹಾಕುತ್ತ. "ನಮ್ಮ ಯಜಮಾನ್ರೂ ಹೀಗೇ ಕೆಂಪಗಾಗಿ ಹೋಗ್ಬಿಟ್ರು."

ಹೆಡ್ಲಿ ತನ್ನ ಕೆಂಪು ಕಪ್ಪು ಪಟ್ಟೆಯ ಸ್ಕಾರ್ಫನ್ನೂ ಇಡೀ ವರ್ಷದ ಟಿಕೆಟ್ಟನ್ನೂ ಒಂದು ಚೀಲಕ್ಕೆ ತುಂಬಿದ. ಕ್ಲಬ್ಬಿನ ಕಾರ್ಯದರ್ಶಿ ನಾರಿಸ್‌ನ ಮನೆ ಬಾಗಿಲಿಗೆ ಅದನ್ನು ತೂಗುಹಾಕಿ ಬಂದ. ಚೀಟಿ ಬರೆಯಲಿಲ್ಲ, ಬರೆಯಲು ಕೂತರೆ ಬರೀ ಬೈಗುಳವೇ ಬರುತ್ತಿತ್ತು. ಆಮೇಲೆ ಯಾರೂ ಬಂದು ಎಳೆದೊಯ್ಯದಿರಲೆಂದು ಮನೆಯ ಪರದೆಗಳನ್ನೆಲ್ಲ ಎಳೆದು, ಹಿಂಬಾಗಿಲಿನಿಂದ ಹೊರಬಿದ್ದು, ರೈಲು ಹಳಿಯಾಚೆ ತಾನು ಬಾಡಿಗೆಗೆ ಹಿಡಿದಿದ್ದ ತರಕಾರಿ ಮಡಿಯ ಗುಡಿಸಲು ಸೇರಿದ. ಮೈದಾನ ಅಲ್ಲಿಂದ ಕಾಣುವುದಿಲ್ಲ, ಗದ್ದಲ ಮಾತ್ರ ಕೇಳುತ್ತದೆ.

"ಕಂಬಿ ಖಾಲಿ ಕಂಡಾಗ ಗೊತ್ತಾಗುತ್ತೆ ಇವರಿಗೆ," ಎಂದು ಈರುಳ್ಳಿ ಗಿಡಗಳಿಗೆ ಹೇಳಿದ. "ಸಂಜೆಯೊಳಗೆ ನಾರಿಸ್ ಬಂದು ಕಾಲು ಹಿಡೀಬೇಕು."

ಮೂರು ಗಂಟೆಗೆ ಸರಿಯಾಗಿ ಮೈದಾನ ಇದ್ದಕ್ಕಿದ್ದಂತೆ ಮೌನವಾಯಿತು. ಒಂದಿಡೀ ನಿಮಿಷ ಕೆಮ್ಮು ಕೂಡ ಕೇಳಿಸಲಿಲ್ಲ. ಆಮೇಲೆ ಸೀಟಿ, ಅದರ ಹಿಂದೆಯೇ ಭೋರ್ಗರೆತ. ಸ್ವಲ್ಪ ಹೊತ್ತಿಗೆ ಇನ್ನೊಂದು. ನಮ್ಮವರಿಗಾಗಿ ಯಾರೂ ಹೀಗೆ ಕೂಗುವುದಿಲ್ಲ, ಎದುರಾಳಿಗಳು ಬಸ್ಸುಗಟ್ಟಲೆ ಬಂದಿರಬೇಕು ಎಂದುಕೊಂಡು ಹೆಡ್ಲಿ ಹಲ್ಲು ಕಡಿಯುತ್ತ ಕಳೆ ಕಿತ್ತ.

ಐದು ಗಂಟೆಯ ಹೊತ್ತಿಗೆ ಪಕ್ಕದ ಮಡಿಯ ಸೆತ್ ಸನಿಕೆ ಹಿಡಿದು ಬಂದ. ತೋಳಿಗೆ ಕಪ್ಪು ಪಟ್ಟಿ ಕಟ್ಟಿದ್ದ. ನೇರವಾಗಿ ಹೆಡ್ಲಿಯ ಮಡಿಗೇ ಇಳಿದು, ತರಕಾರಿ ಪ್ರದರ್ಶನದ ಸ್ಪರ್ಧೆಗೆಂದು ಬೆಳೆಸಿದ್ದ ತೆಂಗಿನಕಾಯಿ ಗಾತ್ರದ ಈರುಳ್ಳಿಯ ಬುಡಕ್ಕೆ ಸನಿಕೆ ಇಟ್ಟ. ಹೆಡ್ಲಿ ಗುಡಿಸಲಿನಿಂದ ಹೊರಬಂದ. ಸೆತ್‌ನ ಕೈಯಿಂದ ಸನಿಕೆ ಜಾರಿತು.

"ನೀನು ಸತ್ತೋಗಿದೀಯಲ್ಲೋ," ಎಂದ ಸೆತ್.

"ಯಾರು ಹೇಳಿದ್ದು?"

"ಮೈಕಲ್ಲಿ ಹೇಳಿದ್ರು. ಎರಡು ತಂಡದವ್ರೂ ಸಾಲಾಗಿ ನಿಂತು ಒಂದು ನಿಮಿಷ ಮೌನ ಮಾಡಿದ್ರು. ನಾನಂತೂ ಅತ್ತೇಬಿಟ್ಟೆ ಕಣೋ."

"ಅತ್ತು, ಸೀದಾ ನನ್ನ ಈರುಳ್ಳಿ ಕೀಳೋಕೆ ಬಂದ್ಯಾ?"

"ಕೊಳೆತು ಹೋದ್ರೆ ನಿನ್ನ ಆತ್ಮಕ್ಕೆ ಬೇಜಾರಾಗಲ್ವಾ?"

ಆಗ ಹೆಡ್ಲಿಗೆ ತಾನು ಮಾಡಿದ ಎಡವಟ್ಟು ಹೊಳೆಯಿತು. ಹ್ಯಾಗ್‌ಡೇಲ್‌ನಲ್ಲಿ ಅಭಿಮಾನಿಯೊಬ್ಬ ತೀರಿಕೊಂಡರೆ ಮನೆಯವರು ಅವನ ಸ್ಕಾರ್ಫನ್ನೂ ಟಿಕೆಟ್ಟನ್ನೂ ಕಾರ್ಯದರ್ಶಿಯ ಬಾಗಿಲಿಗೆ ತೂಗುಹಾಕಿ, ಏನೂ ಮಾತಾಡದೆ ಹೋಗುತ್ತಾರೆ. ಬದುಕಿದ್ದವರು ಯಾರೂ ಇದುವರೆಗೆ ಆ ಕೆಲಸ ಮಾಡಿರಲಿಲ್ಲ. ಉಳಿದದ್ದನ್ನು ಸೆತ್ ಹೇಳಿದ. ನಾರಿಸ್ ಖಾತ್ರಿ ಮಾಡಿಕೊಳ್ಳಲು ಡೋರೀನ್‌ಗೆ ಫೋನ್ ಮಾಡಿದ್ದಾನೆ. ಆಕೆ ಬಾಗಿಲು ಬಡಿದಿದ್ದಾಳೆ, ಮುಚ್ಚಿದ ಪರದೆ ನೋಡಿದ್ದಾಳೆ, "ಬೆಳಿಗ್ಗೆ ಮುಖ ನೋಡಿದಾಗ್ಲೇ ಅಂದ್ಕೊಂಡೆ" ಎಂದು ಮುದ್ರೆ ಒತ್ತಿದ್ದಾಳೆ.

"ಪಂದ್ಯ ಏನಾಯ್ತು?" ಎಂದು ಹೆಡ್ಲಿ ಕೇಳಿದ.

ಸೆತ್ ನೆಲ ನೋಡಿದ. "ಗೆದ್ವಿ. ಪಟ್ಟಿಯಲ್ಲಿ ಮೊದಲನೇ ತಂಡದ ಮೇಲೆ. ಇಪ್ಪತ್ತೆರಡು, ಇಪ್ಪತ್ತು."

ಹೆಡ್ಲಿ ಓಡಿದ. ಅರವತ್ತಾರರ ಮಂಡಿಗಳು ಬೇಡವೆಂದರೂ ಓಡಿದ. ಹದಿನೆಂಟು ಸೋಲು ಕಣ್ಣಾರೆ ಕಂಡವನಿಗೆ ಒಂದು ಗೆಲುವು ತಪ್ಪಿಹೋಗುವುದು ಯಾವ ಊರಿನ ನ್ಯಾಯ? ಮೈದಾನದ ಗೇಟಿನಲ್ಲೇ ನಾರಿಸ್ ಎದುರಾದ. ಒಂದು ಕ್ಷಣ ಬೆಚ್ಚಿಬಿದ್ದ, ಮರುಕ್ಷಣ ಹೆಡ್ಲಿಯ ತೋಳು ಹಿಡಿದು ಮೆಟ್ಟಿಲುಗಳ ಕೆಳಗಿನ ಕತ್ತಲಿಗೆ ಎಳೆದ.

"ಯಾರಾದ್ರೂ ನೋಡಿದ್ರಾ?"

"ನೋಡ್ಲಿ. ನಾನು ಬದುಕಿದೀನಿ."

"ಮೆಲ್ಲಗೆ ಮಾತಾಡೋ. ನಮ್ಮ ಹುಡುಗ್ರು ಯಾವತ್ತೂ ಹೀಗೆ ಆಡಿರ್ಲಿಲ್ಲ. ನಿನ್ನ ಹೆಸರು ಹೇಳ್ಕೊಂಡು ನುಗ್ಗಿದ್ರು. ಇನ್ನು ಆರು ಪಂದ್ಯ ಇದೆ. ಎಲ್ಲಾ ಗೆದ್ರೆ ಕೆಳಗಿನ ದರ್ಜೆಗೆ ಬೀಳೋದು ತಪ್ಪುತ್ತೆ. ಅಲ್ಲೀತನಕ ದಯವಿಟ್ಟು ಸತ್ತೇ ಇರು."

"ನನ್ನ ಜಾಗ?" ಎಂದ ಹೆಡ್ಲಿ.

ನಾರಿಸ್ ಸಂದಿಯಿಂದ ಬೆರಳು ತೋರಿಸಿದ. ಐಸ್‌ಕ್ರೀಮ್ ಬಂಡಿಯ ಸುಳಿವಿರಲಿಲ್ಲ. ಮೂರನೇ ಕಂಬಿಗೆ ಹೆಡ್ಲಿಯ ಸ್ಕಾರ್ಫ್ ಕಟ್ಟಿತ್ತು, ಕೆಳಗೆ ರಾಶಿ ಹೂವು. "ಕಮಿಟಿ ಒಮ್ಮತದಿಂದ ತೀರ್ಮಾನ ಮಾಡಿದೆ. ಅದು ಎಂದೆಂದಿಗೂ ನಿಂದೇ. ಅಲ್ಲಿ ಯಾರನ್ನೂ ನಿಲ್ಲೋಕೆ ಬಿಡಲ್ಲ."

"ನನ್ನನ್ನ?"

"ನಿನ್ನನ್ನಂತೂ ಬಿಡೋದೇ ಇಲ್ಲ. ಆದ್ರೆ ಒಂದು ಮಾತು ಕೊಡ್ತೀನಿ. ಯಾವತ್ತು ಸೋಲ್ತೀವೋ, ಆ ಕ್ಷಣವೇ ನೀನು ಬದುಕಿದೀಯ ಅಂತ ಮೈಕಲ್ಲಿ ಹೇಳಿಸ್ತೀನಿ."

ಸೆತ್‌ನ ಬಾಯಿ ಮುಚ್ಚಿಸಲು ಅರ್ಧ ಮಡಿ ಈರುಳ್ಳಿ ಹೋಯಿತು. ಡೋರೀನ್ ಅವನ ತಿಥಿಗೆಂದು ಮಾಡಿಟ್ಟಿದ್ದ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ಹಿಂಬಾಗಿಲಿನಿಂದ ಅವನಿಗೇ ತಂದುಕೊಟ್ಟು, ಇಷ್ಟೊಂದು ತೊಂದರೆ ಕೊಟ್ಟಿದ್ದಕ್ಕೆ ಬೈದು ಹೋದಳು.

ಮುಂದಿನ ಭಾನುವಾರವೂ ಪಂದ್ಯ ಊರಿನಲ್ಲೇ ಇತ್ತು. ಹೆಡ್ಲಿ ಗುಡಿಸಲಲ್ಲಿ ಕೈಕಟ್ಟಿ ಕೂತ. ಸೋಲಲಿ, ಇವತ್ತು ಒಂದೇ ಒಂದು ಸಲ ಸೋಲಲಿ, ನಾನೂ ಮನುಷ್ಯರ ಹಾಗೆ ನನ್ನ ಕಂಬಿಗೆ ಒರಗಿ ನಿಲ್ಲುತ್ತೇನೆ ಎಂದು ಮನಸಾರೆ ಬೇಡಿಕೊಂಡ. ಹದಿನೆಂಟು ಸಲ ಬೇಡದಿದ್ದರೂ ಸೋತವರಿಗೆ ಇದೇನು ದೊಡ್ಡ ವಿಷಯವೇ? ಆಟ ಮುಗಿಯಲು ಐದು ನಿಮಿಷವಿದೆ ಎನ್ನುವಾಗ ಹಳಿಯಾಚೆಯಿಂದ ಭೋರ್ಗರೆತ ಎದ್ದಿತು. ಈ ಬಾರಿ ಅದು ತನ್ನವರದೇ ಎಂದು ಹೆಡ್ಲಿಗೆ ಕೇಳಿದ ಕೂಡಲೇ ಗೊತ್ತಾಯಿತು.

"ಹಾಗೆ ಕಣ್ರೋ ಹುಡುಗ್ರಾ," ಎಂದು ಕೂಗುತ್ತ ಅವನು ನೆಗೆದೆದ್ದ. ತಲೆ ಸೂರಿಗೆ ಬಡಿದರೂ ಲೆಕ್ಕಿಸದೆ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದ. ಆಮೇಲೆ ನೆನಪಾಗಿ, ಮೆಲ್ಲಗೆ ಕೂತು, ಇನ್ನೂ ಒಂದು ವಾರ ಸತ್ತಿರಲು ಸಿದ್ಧನಾದ.