ದಾನಮ್ಮನ ಖಾನಾವಳಿಗೆ ಬಂದ ಪ್ರೊಸೆಸರ್

"ದೂರ ಸರೀರಿ ಎಲ್ಲಾರೂ, ಈಗ ನೋಡ್ರಿ!" ಎಂದು ಚನ್ನವೀರಪ್ಪ ಕಂಪ್ಯೂಟರಿನ ಗುಂಡಿ ಒತ್ತಿದಾಗ ಖಾನಾವಳಿಯ ದೀಪಗಳೆಲ್ಲ ಒಮ್ಮೆ ಮಂಕಾದವು.

ಗದುಗಿನ ಆ ಖಾನಾವಳಿ ಅವನ ಹೆಂಡತಿ ದಾನಮ್ಮನದು. ಗಿರಾಕಿಗಳು ಹೇಳಿದ ಊಟ ಬರೆದುಕೊಳ್ಳಲು ಒಂದು ಸಾದಾ ಕಂಪ್ಯೂಟರ್ ಜೋಡಿಸಿಕೊಡಿ ಎಂದಷ್ಟೇ ಅವಳು ಕೇಳಿದ್ದು. "ಅಷ್ಟಕ್ಕ ಸಣ್ಣ ಪ್ರೊಸೆಸರ್ ಸಾಕ್ರೀ" ಎಂದು ಅಂಗಡಿಯವನೂ ಬಡಕೊಂಡಿದ್ದ. ಚನ್ನವೀರಪ್ಪ ಕೇಳಬೇಕಲ್ಲ! ಹವಾಮಾನ ಲೆಕ್ಕ ಹಾಕುವಂಥ ಅರವತ್ನಾಲ್ಕು ಕೋರಿನದನ್ನೇ ಆರಿಸಿ ತಂದ.

"ಕೋರ್ ಅಂದ್ರೇನ್ರೀ?" ಎಂದಳು ದಾನಮ್ಮ.

"ಒಳಗ ಕುಂತು ಲೆಕ್ಕಾ ಮಾಡೋ ತಲಿ ಇದ್ದಂಗ. ಅರವತ್ನಾಕು ತಲಿ!"

"ನಿಮ್ದೊಂದು ತಲೀನ ನನಗ ಸಾಕಾಗೇತಿ."

ಮೊದಲ ದಿನ ಎಲ್ಲರಿಗೂ ಖುಷಿ. ಗಿರಾಕಿ ಚಪ್ಪಲಿ ಬಿಡುವಷ್ಟರಲ್ಲೇ ಕಂಪ್ಯೂಟರ್ ಸ್ಪೀಕರಿನಲ್ಲಿ ಕೂಗುತ್ತಿತ್ತು: "ಮಾಸ್ತರಿಗೆ ಎರಡು ರೊಟ್ಟಿ, ಎಣಗಾಯಿ!" ಮಾಸ್ತರು ಅದನ್ನೇ ಹೇಳುವವರಿದ್ದರು!

ಆದರೆ ಊಟದ ಲೆಕ್ಕ ಅದಕ್ಕೆ ಯಾವ ಮೂಲೆಗೂ ಸಾಲದು. ಬೇಸರಕ್ಕೆ ಜನರ ಮಾತನ್ನೂ ಮೊದಲೇ ಲೆಕ್ಕ ಹಾಕತೊಡಗಿತು. ಇಬ್ಬರು ಗೆಳೆಯರು ಜಗಳ ತೆಗೆಯುವ ಮೊದಲೇ ಇಬ್ಬರ ಬೈಗುಳವನ್ನೂ ತಾನೇ ಬೈದು ಮುಗಿಸಿತು. ಲಗ್ನದ ಮಾತುಕತೆಗೆ ಕೂತವರ ಮುಂದೆ, "ಹುಡುಗ ಒಪ್ಯಾನ, ಆದ್ರ ಮಾವನ ಗೊರಕಿಗೆ ಹೆದರ್ಯಾನ!" ಎಂದಿತು. ಮಾವ ಅರ್ಧ ಊಟಕ್ಕೇ ಎದ್ದು ಹೋದ. ವಾರದೊಳಗೆ ಖಾನಾವಳಿ ಭಣಭಣ!

"ಇದನ್ನ ಬಿಚ್ಚಿ ಒಯ್ರಿ!" ದಾನಮ್ಮನ ಕಣ್ಣಲ್ಲಿ ನೀರು. ಒಂದೊಂದೇ ರೊಟ್ಟಿ ತಟ್ಟಿ ಅವಳು ಕಟ್ಟಿದ ಖಾನಾವಳಿಯ ಹೆಸರು ಹಾಳಾಗುತ್ತಿತ್ತು.

"ತಡಿ, ಅದಕ್ಕ ತಕ್ಕ ಕೆಲಸಿಲ್ಲ, ಅದ್ಕ ಹಿಂಗಾಡತೈತಿ" ಎಂದ ಚನ್ನವೀರಪ್ಪ, ಆಕಾಶದ ಚುಕ್ಕಿಗಳನ್ನು ಎಣಿಸಲು ಹೇಳಿದ. ಅವನು ಕೈ ತೊಳೆದು ಬರುವಷ್ಟರಲ್ಲಿ ಎಣಿಸಿ ಮುಗಿಸಿತ್ತು!

ದಾನಮ್ಮ ಸೋತು ಕೂತಳು. "ಹೋಗ್ಲಿ ಬಿಡ್ರಿ. ನಿಮಗ ಊಟಕ್ಕ ಏನ್ ಮಾಡ್ಲಿ?"

"ಏನರೆ ಮಾಡು."

"ಉಪ್ಪಿಟ್ಟು?"

"ಬ್ಯಾಡ."

"ಝುಣಕಾ?"

"ಅದೂ ಬ್ಯಾಡ. ಏನರೆ ಮಾಡು ಅಂದೆ ಅಲ್ಲ!"

"ಏನರೆ ಅಂದ್ರ ಯಾವುದು?" ಎಂದಿತು ಕಂಪ್ಯೂಟರ್. ಅರವತ್ನಾಲ್ಕು ಕೋರುಗಳೂ ಒಮ್ಮೆಲೇ ಗುಂಯ್‌ಗುಟ್ಟಿದವು. ಆಮೇಲೆ ಅದು ತುಟಿ ಬಿಚ್ಚಲಿಲ್ಲ. ಹೇಳಿದ ಊಟವನ್ನು ತೆಪ್ಪಗೆ ಬರೆದುಕೊಳ್ಳುವುದು, ಉಳಿದ ಹೊತ್ತೆಲ್ಲ ಆ ಒಂದೇ ಲೆಕ್ಕ! ಗಿರಾಕಿಗಳು ತಿರುಗಿ ಬಂದರು. ಗೊರಕೆಯ ಮಾವನೂ ಬಂದ.

"ಇನ್ನೂ ಉತ್ತರ ಬರವಲ್ದಲ್ಲ" ಎಂದು ಚನ್ನವೀರಪ್ಪ ಪೇಚಾಡಿದ.

ದಾನಮ್ಮ ರೊಟ್ಟಿ ಮಗುಚಿ ಹಾಕಿದಳು. "ಲಗ್ನ ಆದಾಗಿಂದ ನಾನೂ ಅದ ಲೆಕ್ಕಾ ಮಾಡಾಕತ್ತೀನಿ. ಅದಕ್ಕೂ ಸ್ವಲ್ಪ ಟೈಮ್ ಕೊಡ್ರಿ."