ಆಪಯ್ಯಾ ಆ ಗೋಲ!

ನಮ್ಮ ಚಿಕ್ಕಪ್ಪನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಬರುವುದಿಲ್ಲ, ಕಿರುಚಲು ಬರುತ್ತದೆ! ಮಧುಗಿರಿ ತಾಲ್ಲೂಕಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಸಮುದ್ರದಾಚೆಯ ಯಾವುದೋ ರಾಕ್ ಬ್ಯಾಂಡಿಗೆ ಮೂವತ್ತು ವರ್ಷದಿಂದ ನಡೆದುಕೊಳ್ಳುತ್ತಿರುವ ಇನ್ನೊಬ್ಬ ಮನುಷ್ಯನನ್ನು ನೀವು ಕಂಡಿದ್ದರೆ ಹೇಳಿ, ಅವನ ಮನೆಯವರನ್ನು ಸಂತೈಸಿ ಬರುತ್ತೇನೆ.

ಈ ರೋಗ ಅಂಟಿಸಿದವರು ಬೋರ್‌ವೆಲ್ ಲಾರಿಯವರು. ನಮ್ಮ ಹೊಲದಲ್ಲಿ ಎರಡು ದಿನ ಕೊರೆದರು. ಧೂಳು ಬಂತೇ ಹೊರತು ನೀರು ಬರಲಿಲ್ಲ. ಹೋಗುವಾಗ ಕ್ಯಾಸೆಟ್ಟೊಂದನ್ನು ಮರೆತು ಹೋದರು. ಚಿಕ್ಕಪ್ಪ ಅದನ್ನು ಟೇಪ್‌ರೆಕಾರ್ಡರಿಗೆ ಹಾಕಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಬೋರು ಕೊರೆಯುವುದು ನಿಂತೇ ಇರಲಿಲ್ಲ!

ಕುರಿಗಳು ರೊಪ್ಪಕ್ಕೆ ಮರಳುವ ಹೊತ್ತಿಗೆ ಸರಿಯಾಗಿ ಹಾಡು ಹಾಕುತ್ತಿದ್ದ. ಬರಬರುತ್ತ ಡ್ರಮ್ಮು ಕೇಳಿಸದಿದ್ದರೆ ಕುರಿಗಳು ಮನೆ ಕಡೆ ತಿರುಗದಂತಾದವು. ಕರೆಂಟು ಹೋದ ದಿನ ಚಿಕ್ಕಪ್ಪ ಗುಡ್ಡದ ಬುಡದಲ್ಲಿ ನಿಂತು ಬಾಯಲ್ಲೇ ಡ್ರಮ್ಮು ಬಾರಿಸಬೇಕಾಯಿತು. ಕುರಿಗಳು ಬಂದವು. ಗಾಬರಿಬಿದ್ದು ಅರ್ಧ ಊರೂ ಬಂತು.

ಚಿಕ್ಕಮ್ಮ ಪಾವಗಡದ ಕಡೆಯವಳು, ನಾಗಲಮಡಿಕೆ. ಸಂಸಾರ ಮಾಡಿದ್ದು ಕನ್ನಡದಲ್ಲಿ, ಬೈಯುತ್ತಿದ್ದದ್ದು ತೆಲುಗಿನಲ್ಲಿ. ಹಾಡು ಶುರುವಾದ ಕೂಡಲೇ ಅಡುಗೆಮನೆಯಿಂದ "ಆಪಯ್ಯಾ ಆ ಗೋಲ!" ಎಂದು ಕೂಗು ಬರುತ್ತಿತ್ತು. ಅಂದರೆ, ನಿಲ್ಲಿಸಯ್ಯಾ ಆ ಗದ್ದಲ! ಚಿಕ್ಕಪ್ಪನ ಉತ್ತರವೂ ಒಂದೇ: "ಇದೊಂದ್ ಮುಗೀಲಿ ಕಣೇ!" ಆ ಒಂದು, ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಮುಗಿಯಲಿಲ್ಲ. ಅವಳು ತವರಿಗೆ ಹೋಗಿದ್ದಾಗೊಮ್ಮೆ ಅರ್ಧ ಹಾಡಿಗೇ ಆಫ್ ಮಾಡಿ, "ರುಚೀನೇ ಇಲ್ಲ ಕಣ್ಲಾ, ಉಪ್ಪಿಲ್ದ ಸಾರಿದ್ದಂಗೈತೆ" ಎಂದಿದ್ದ.

ಈ ಬೇಸಿಗೆಯ ಒಂದು ಸಂಜೆ ಹಾಡು ಹಾಕಿದ. ಬೈಗುಳ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಚಿಕ್ಕಪ್ಪ ಹಿಗ್ಗಿಹೋದ! ಅಂತೂ ಇವಳಿಗೂ ಹಿಡಿಸಿತಲ್ಲ ಎಂದು ಇನ್ನಷ್ಟು ಜೋರು ಮಾಡಿದ. ಮೂರನೆಯ ಹಾಡು ಮುಗಿದ ಮೇಲೆ, ಹೊಗಳಿಸಿಕೊಳ್ಳೋಣವೆಂದು ಒಳಗೆ ಹೋದ. ಚಿಕ್ಕಮ್ಮ ಒಲೆಯ ಪಕ್ಕ ಬಿದ್ದಿದ್ದಳು.

"ಸ್ವಲ್ಪ ಮುಂಚೆ ಕರೆತಂದಿದ್ರೆ ನೋಡಬಹುದಿತ್ತು" ಎಂದರು ಡಾಕ್ಟರು. ಅವರಿಗೆ ಅದು ದಿನಾ ಹೇಳುವ ಮಾತು. ಆದರೆ ಕೊರಟಗೆರೆಗೆ ಕೊಟ್ಟಿದ್ದ ಮಗಳು ಅದನ್ನು ಕೇಳಿಸಿಕೊಂಡುಬಿಟ್ಟಳು. ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಅಪ್ಪ ಹಾಡು ಬಿಟ್ಟ. ಕುರಿಗಳನ್ನು ಕೋಲು ಹಿಡಿದು ಹೊಡೆದುಕೊಂಡು ಬರಬೇಕಾಯಿತು.

ನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಆ ಬ್ಯಾಂಡಿನವರು ಎಷ್ಟೋ ವರ್ಷದ ಮೇಲೆ ಹೊಸ ಆಲ್ಬಂ ಬಿಡಬೇಕೇ! ನಾನು ಶಿರಾದಲ್ಲಿ ಕೆಲಸದಲ್ಲಿರುವವನು. ಫೋನು ಹಿಡಿದುಕೊಂಡು ಬಸ್ಸು ಹತ್ತಿ ಓಡಿದೆ.

"ಚಿಕ್ಕಪ್ಪ, ನಿಮ್ಮೋರ್ದು ಹೊಸಾದು ಬಂದೈತೆ!"

"ಬಯ್ಯೋರ್ ಯಾರು?" ಎಂದ. ನನ್ನ ಉತ್ಸಾಹವೆಲ್ಲ ಇಳಿದುಹೋಯಿತು. ಆಮೇಲೆ ತಾನೇ ಕೇಳಿದ: "ಡ್ರಮ್ಮು ಅದೇ ಹಳಬನಾ?"

"ಇಲ್ಲ, ಅವನು ತೀರ್ಕಂಡ."

"ಅವ್ರೂ ಒಬ್ರುನ್ನ ಕಳ್ಕಂಡವ್ರೆ ಬುಡು" ಎಂದ. "ಪಕ್ಷದ ದಿನ ತಗಂಬಾ. ಮೊದ್ಲು ಅವ್ಳು ಕೇಳ್ಲಿ. ಅವ್ಳು ಬ್ಯಾಡ ಅಂದ್ರೆ ಬ್ಯಾಡ."

ಪಿತೃಪಕ್ಷದಲ್ಲಿ ನಮ್ಮಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಆ ಕೋಣೆಯ ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಹಿರಿಯರು ಬಂದು ಉಂಡು ಹೋಗಲೆಂದು. ಹೆಚ್ಚೆಂದರೆ ಐದು ನಿಮಿಷ. ಚಿಕ್ಕಪ್ಪ ಹೊಸ ಸೀರೆ, ಮುದ್ದೆ, ಮಾಂಸದ ಸಾರು, ಎಲೆಅಡಿಕೆಯ ಪಕ್ಕದಲ್ಲಿ ನನ್ನ ಫೋನನ್ನೂ ಸ್ಪೀಕರನ್ನೂ ಇಟ್ಟು, ಹಾಡು ಹಚ್ಚಿ ಬಾಗಿಲು ಮುಚ್ಚಿದ. ಎಡೆಗೆ ಇಟ್ಟದ್ದು ಹತ್ತು ಹಾಡು! ಮಕ್ಕಳು ಹಸಿವಿಗೆ ಅಳತೊಡಗಿದವು. ದೊಡ್ಡಪ್ಪನಂತೂ, "ಹಿರೀಕ್ರು ಉಂಡು ಕೈ ತೊಳ್ದು ಒಂದ್ ನಿದ್ದೆನೂ ತೆಗ್ದವ್ರೆ, ಬಾಗ್ಲು ತಗೀರ್ಲಾ!" ಎಂದು ಗೊಣಗಿದ.

ಚಿಕ್ಕಪ್ಪ ಬಾಗಿಲಿಗೆ ಕಿವಿ ಕೊಟ್ಟು ನಿಂತಿದ್ದ.

"ಹೆಂಗೈತೆ?" ಎಂದೆ.

"ಹಾಡೋನ ಗಂಟ್ಲು ಹೋಗೈತೆ ಕಣ್ಲಾ. ಗಿಟಾರು ಪರವಾಗಿಲ್ಲ." ಸ್ವಲ್ಪ ಹೊತ್ತಾದ ಮೇಲೆ, "ಅವ್ಳು ಬಯ್ತಾನೇ ಇಲ್ವಲ್ಲೋ" ಎಂದ.

ಎರಡು ಹಾಡು ಮುಗಿದು ಮೂರನೆಯದು ಶುರುವಾಯಿತು. ಅವನು ಚಿಲಕಕ್ಕೆ ಕೈ ಹಾಕಿದ, ತೆಗೆಯಲಿಲ್ಲ. ಆ ಬಾಗಿಲ ಹಿಂದೆ ಅವನು ಏನನ್ನು ನೋಡುತ್ತಿದ್ದನೆಂದು ಆಗ ನನಗೆ ಹೊಳೆಯಿತು. ಅವತ್ತೂ ಮೂರನೆಯ ಹಾಡಿನ ತನಕ ಬೈಗುಳ ಬಂದಿರಲಿಲ್ಲ.

ಅವ್ವನ ಎಡೆಗೆಂದು ಬಂದ ಮಗಳು ಬೆಳಗಿನಿಂದ ಅಪ್ಪನ ಮುಖ ನೋಡದೆ ಅಡುಗೆಮನೆಯಲ್ಲೇ ಇದ್ದಳು. ಅಲ್ಲಿಂದ ಸೌಟು ಕುಕ್ಕಿದ ಸದ್ದಾಯಿತು.

"ಆಪಯ್ಯಾ ಆ ಗೋಲ!"

ಥೇಟ್ ಚಿಕ್ಕಮ್ಮ! ಕೊನೆಗೆ ಮಾತ್ರ ದನಿ ಒಡೆದಿತ್ತು.

ಚಿಕ್ಕಪ್ಪ ಬಾಗಿಲಿಗೆ ಒರಗಿ ಹಾಗೇ ಕುಸಿದು ಕೂತ. ಎಲ್ಲರೆದುರೂ ಗಳಗಳ ಅತ್ತ. ಒಳಗೆ ಗಂಟಲು ಹೋದವನು ಕಿರುಚುತ್ತಲೇ ಇದ್ದ. ಚಿಕ್ಕಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಅಡುಗೆಮನೆಯ ಕಡೆ ತಿರುಗಿದ.

"ಇದೊಂದ್ ಮುಗೀಲಿ ಕಣಮ್ಮ" ಎಂದ.