ಮಡಚೋ ಚಾಕಿನ ಮೇಷ್ಟ್ರು

ಕೆಲವರಿಗೆ ನಾಯಿ ಕಚ್ಚಿಸಿಕೊಳ್ಳುವ ಯೋಗ ಇರುತ್ತದೆ, ಕೆಲವರಿಗೆ ಕಣ್ಣೆದುರೇ ಬಸ್ಸು ತಪ್ಪಿಸಿಕೊಳ್ಳುವ ಯೋಗ. ನನ್ನದು ಇನ್ನೊಂದು ಬಗೆ. ನಾನು ಜೇಬಿನಿಂದ ಚಾಕು ತೆಗೆದಾಗಲೆಲ್ಲ ಎದುರಿಗೆ ಯಾರು ಇರಬಾರದೋ ಅವರೇ ಇರುತ್ತಾರೆ.

ನಾನು ಮಳವಳ್ಳಿಯಲ್ಲಿ ಪಿಯುಸಿ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವವನು. ಗಿಡದ ಕಾಂಡವನ್ನು ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಿನ ಕೆಳಗೆ ಇಡುವುದು ನನ್ನ ಕೆಲಸದ ಒಂದು ಭಾಗ. ಹರಿತದ ಹುಚ್ಚು ಹತ್ತಿದ್ದು ಅಲ್ಲಿಂದಲೇ. ಮೊದಲು ಬ್ಲೇಡು, ಆಮೇಲೆ ಕಸಿ ಕಟ್ಟುವ ಚಾಕು, ಆಮೇಲೆ ಜೇಬಿನಲ್ಲಿಟ್ಟುಕೊಳ್ಳುವ ಮಡಚೋ ಚಾಕು. ಈಗ ಬೀರುವಿನ ಮೇಲಿನ ಗೂಡಿನಲ್ಲಿ ಹದಿನಾಲ್ಕಿವೆ. ಜಪಾನಿನವು, ಇಟಲಿಯವು, ಟೈಟೇನಿಯಂ ಹಿಡಿಯವು. ಅವುಗಳ ಬೆಲೆ ನನ್ನ ಹೆಂಡತಿಗೆ ಗೊತ್ತಿಲ್ಲ. ನನಗೂ ಒಮ್ಮೊಮ್ಮೆ ನೆನಪಾಗದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ.

ಈ ಸೀಮೆಯಲ್ಲಿ ನನ್ನಂಥ ಇನ್ನೊಬ್ಬ ಮಾತ್ರ ಇದ್ದಾನೆ. ಮದ್ದೂರಿನಲ್ಲಿ ದನಕರುಗಳ ಔಷಧಿ ಅಂಗಡಿ ಇಟ್ಟುಕೊಂಡಿರುವ ಗೆಳೆಯ. ಭಾನುವಾರ ನಾನು ನನ್ನವನ್ನು ಹೊತ್ತುಕೊಂಡು ಅವನ ಅಂಗಡಿಗೆ ಹೋಗುತ್ತೇನೆ. ಕೌಂಟರಿನ ಮೇಲೆ ಸಾಲಾಗಿ ಇಟ್ಟು ಯಾವುದು ಮೇಲು ಎಂದು ವಾದ ಮಾಡುತ್ತೇವೆ. ಹತ್ತು ವರ್ಷವಾಯಿತು, ಇನ್ನೂ ತೀರ್ಮಾನವಾಗಿಲ್ಲ.

೧. ಕಬ್ಬು

ಬೆಳಕವಾಡಿಯಲ್ಲಿ ನನ್ನ ಹೆಂಡತಿಯ ಸೋದರಮಾವ ಇದ್ದಾರೆ. ವಯಸ್ಸು ಎಂಬತ್ತರ ಹತ್ತಿರ. ಒಮ್ಮೆ ಹೋದಾಗ ಗದ್ದೆಯ ಬದುವಿನ ಮೇಲೆ ಕೂರಿಸಿಕೊಂಡು, ಎರಡು ಕಬ್ಬು ಮುರಿದು ಒಂದನ್ನು ನನ್ನ ಕೈಗೆ ಕೊಟ್ಟರು. ನನ್ನ ಜೇಬಿನಲ್ಲಿ ಹಿಂದಿನ ವಾರವಷ್ಟೇ ಬಂದ ಜಪಾನಿ ಚಾಕು ಇತ್ತು. ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದೆಲ್ಲಿ? ಹೆಬ್ಬೆರಳಲ್ಲಿ ತಳ್ಳಿದೆ, ಟಕ್ ಎಂದು ಬಿಚ್ಚಿಕೊಂಡಿತು.

"ಇದು ಸಾಧಾರಣ ಉಕ್ಕಲ್ಲ ಮಾವ," ಎಂದೆ. "ಉಕ್ಕನ್ನ ಮೊದಲು ಹಿಟ್ಟಿನ ಹಾಗೆ ಪುಡಿ ಮಾಡ್ತಾರೆ. ಆಮೇಲೆ ಆ ಪುಡೀನ ಒತ್ತಿ ಮತ್ತೆ ಗಟ್ಟಿ ಮಾಡ್ತಾರೆ."

"ಗಟ್ಟಿಯಾಗೇ ಇತ್ತಲ್ಲ, ಯಾಕ್ ಪುಡಿ ಮಾಡುದ್ರು?" ಎಂದರು ಮಾವ.

ನಾನು ವಿವರಿಸಿದೆ. ಇಂಗಾಲ ಎಷ್ಟು, ಕ್ರೋಮಿಯಂ ಎಷ್ಟು, ತುಕ್ಕು ಯಾಕೆ ಹಿಡಿಯುವುದಿಲ್ಲ. ವಿವರಿಸುತ್ತಲೇ ಒಂದು ಗೆಣ್ಣಿನ ಸಿಪ್ಪೆಯನ್ನು ರಿಬ್ಬನ್ನಿನ ಹಾಗೆ ಒಂದೊಂದೇ ಎಳೆಯಾಗಿ ತೆಗೆದೆ. ಅರ್ಧ ಗೆಣ್ಣು ಮುಗಿಯುವಷ್ಟರಲ್ಲಿ ಹಾಲು ಇಳಿದು ಚಾಕಿನ ಕೀಲು ಅಂಟಿಕೊಂಡಿತು. ಮಡಚಲು ಹೋದರೆ ಮಡಚಲಿಲ್ಲ. ತಲೆ ಎತ್ತಿ ನೋಡಿದರೆ ಮಾವನ ಕಾಲ ಬಳಿ ಜಗಿದ ಸಿಪ್ಪೆಯ ಗುಡ್ಡೆ ಬಿದ್ದಿತ್ತು. ಅವರು ತಮ್ಮ ಕಬ್ಬು ಮುಗಿಸಿ, ಇನ್ನೊಂದನ್ನು ಮುರಿದು ಹಲ್ಲಿಗೆ ಕೊಟ್ಟಿದ್ದರು.

"ಇದ್ನ ಎಷ್ಟ್ ದಿನಕ್ಕೊಂದ್ಸಲ ಮಸೀಬೇಕು ಅಳಿಯಂದ್ರೇ?"

"ಆರು ತಿಂಗಳು ಮುಟ್ಟೋ ಹಾಗೇ ಇಲ್ಲ ಮಾವ," ಎಂದೆ ಹೆಮ್ಮೆಯಿಂದ.

ಮಾವ ನಾಲಗೆಯನ್ನು ಹಲ್ಲಿನ ಮೇಲೆ ಒಂದು ಸುತ್ತು ಆಡಿಸಿ ಯೋಚನೆ ಮಾಡಿದರು.

"ನಮ್ಮವು ಎಪ್ಪತ್ ವರ್ಸದಿಂದ ಮಸ್ದೇ ಇಲ್ಲ ಕಣಪ್ಪ. ಯಾವ್ ದೇಸದ್ವೋ ಕಾಣೆ."

೨. ಎಡಗೈ

ಚಾಕು ಎಷ್ಟು ಹರಿತ ಎಂದು ನೋಡಲು ನಮ್ಮಂಥವರಲ್ಲಿ ಮೂರು ಪರೀಕ್ಷೆಗಳಿವೆ. ಪೇಪರನ್ನು ಗಾಳಿಯಲ್ಲಿ ಹಿಡಿದು ಸೀಳುವುದು, ಟೊಮೇಟೊ ಹಣ್ಣನ್ನು ಒತ್ತದೆ ಕೊಯ್ಯುವುದು, ಮುಂಗೈ ಕೂದಲನ್ನು ನೀರು ಸೋಪು ಹಚ್ಚದೆ ಬೋಳಿಸುವುದು. ಬಲಗೈಯಲ್ಲಿ ಚಾಕು ಇರುವುದರಿಂದ ಬೋಳಾಗುವುದು ಎಡಗೈ.

ಗೆಳೆಯನ ಚಿಕ್ಕಪ್ಪನ ಮಗನ ಮದುವೆ ಮಂಡ್ಯದ ಒಂದು ಛತ್ರದಲ್ಲಿ. ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು, ಊಟಕ್ಕೆಂದು ಶರ್ಟಿನ ತೋಳು ಮಡಚಿದೆವು. ನಾಲ್ಕು ಕೈಗಳಲ್ಲಿ ಎರಡು ಕರಡಿಯವು, ಎರಡು ಬದನೆಕಾಯಿಯವು. ನನ್ನ ಎಡಕ್ಕೆ ಕೂತಿದ್ದವರು ನೋಡಿದರು. ಎದ್ದು, "ಆ ಕಡೆ ಫ್ಯಾನ್ ಐತೆ," ಎಂದು ಹೇಳಿ ಬೇರೆ ಸಾಲಿಗೆ ಹೋದರು. ಫ್ಯಾನು ನಮ್ಮ ತಲೆಯ ಮೇಲೇ ತಿರುಗುತ್ತಿತ್ತು.

ಊಟ ಆದ ಮೇಲೆ ಗೆಳೆಯನ ಸೋದರತ್ತೆ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿದರು. ಆಮೇಲೆ ನನ್ನದನ್ನು.

"ಯಾವಾಗಿಂದ್ಲಾ ಇದು? ಹುಳಕಡ್ಡಿನಾ?"

"ಇಲ್ಲ ಅತ್ತೆ, ನಾವೇ ಬೋಳಿಸ್ಕೊಂಡಿದ್ದು," ಎಂದ ಗೆಳೆಯ. ಸುಳ್ಳು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಬೋಳಿಸ್ಕೊಂಡ್ರಾ? ಯಾಕ್ಲಾ?"

"ಚಾಕು ಚೆನ್ನಾಗಿದ್ದಾವಾ ಅಂತ ನೋಡಕ್ಕೆ. ಭಾನುವಾರ ಭಾನುವಾರ ನೋಡ್ತೀವಿ."

"ಇಬ್ರೂವಾ?"

"ಇಬ್ರೂನೂವೆ. ಮೇಷ್ಟ್ರು ಮಳವಳ್ಳಿಯಿಂದ ಅದಕ್ಕೇ ಬತ್ತಾರೆ."

ಅತ್ತೆ ನಮ್ಮಿಬ್ಬರ ಮುಖ ನೋಡಿ, ಆ ಕಡೆ ನಿಂತಿದ್ದ ಗೆಳೆಯನ ಹೆಂಡತಿಯ ಬಳಿ ಹೋದರು. ದನಿ ತಗ್ಗಿಸಿಯೇ ಹೇಳಿದರು, ಆದರೆ ಕೇಳಿಸಿತು.

"ಮೈಸೂರಲ್ಲಿ ಒಳ್ಳೆ ಡಾಕ್ಟ್ರವ್ರೆ ಕಣಮ್ಮ, ತೋರ್ಸುಬುಡು. ಚರ್ಮದೋರಲ್ಲ. ತಲೆಯೋರು."

೩. ಹೋತ

ಇದು ಚಿಕ್ಕದು. ಒಂದು ಭಾನುವಾರ ಅಂಗಡಿಯಲ್ಲಿ ನಾನೂ ಗೆಳೆಯನೂ ಒಂದೊಂದು ಚಾಕು ಹಿಡಿದು ಅಲಗನ್ನು ಬೆಳಕಿಗೆ ಒಡ್ಡಿ ನೋಡುತ್ತಿದ್ದೆವು. ವಾದ ಜೋರಾಗಿತ್ತು. "ಇದು ಒಂದೇ ಎಳೆತಕ್ಕೆ ಹೋಗುತ್ತೆ," ಎಂದೆ ನಾನು. "ಅದು ಎಳೀಬೇಕು ಮೇಷ್ಟ್ರೇ, ಇದು ಮುಟ್ಟಿದ್ರೆ ಸಾಕು, ಗೊತ್ತೇ ಆಗಲ್ಲ," ಎಂದ ಅವನು. ನಾವು ಮಾತಾಡುತ್ತಿದ್ದದ್ದು ಟೊಮೇಟೊ ಬಗ್ಗೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಒಬ್ಬ ರೈತ ನಿಂತಿದ್ದ, ಅವನ ಪಕ್ಕ ಗಡ್ಡದ ಹೋತ. ಇಬ್ಬರೂ ನಮ್ಮ ಕೈಯನ್ನೇ ನೋಡುತ್ತಿದ್ದರು.

"ಬನ್ನಿ ಗೌಡ್ರೇ, ಏನಾಗ್ಬೇಕಿತ್ತು?" ಎಂದು ಗೆಳೆಯ ಚಾಕು ಹಿಡಿದೇ ಕರೆದ.

"ಜಂತುಹುಳಿನ ಔಸ್ದಿ ತಕ್ಕೊಂಡೋಗವ ಅಂತ ಬಂದಿದ್ದೆ," ಎಂದು ರೈತ ಹಿಂದೆ ಹಿಂದೆಯೇ ಸರಿದ. ಹೋತ ಆಗಲೇ ರಸ್ತೆ ದಾಟಿತ್ತು. "ಇವತ್ ಬ್ಯಾಡ ಬುಡಿ. ಅವನ್ಗೂ ಮನಸಿಲ್ಲ."

೪. ತುಕ್ಕು

ನನ್ನ ಚಾಕುಗಳಲ್ಲಿ ಒಂದು ಬಹಳ ವಿಶೇಷದ್ದು. ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಸೇರಿಸಿ, ಕಾಯಿಸಿ, ಬಡಿದು, ಕೊನೆಗೆ ಆಸಿಡ್ಡಿನಲ್ಲಿ ಅದ್ದಿ ತೆಗೆದರೆ ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆಗಳು ಏಳುತ್ತವೆ. ಅದನ್ನು ಕೈಯಲ್ಲೇ ಮಾಡುವ ಕಮ್ಮಾರನೊಬ್ಬನ ಪಟ್ಟಿಯಲ್ಲಿ ಹೆಸರು ಬರೆಸಿ, ಎಂಟು ತಿಂಗಳು ಕಾದು ತರಿಸಿಕೊಂಡಿದ್ದೆ. ಒಂದು ವಾರ ಅದನ್ನು ದಿನಾ ಸಂಜೆ ಎಣ್ಣೆ ಬಟ್ಟೆಯಲ್ಲಿ ಒರೆಸಿದೆ. ಹೆಂಡತಿ ಟಿವಿ ನೋಡುತ್ತಾ ಇದನ್ನೂ ನೋಡಿದ್ದಾಳೆ. ಪಾಪ, ಇವರು ಎಷ್ಟು ಒರೆಸಿದರೂ ಹೋಗುತ್ತಿಲ್ಲ ಎಂದುಕೊಂಡಿದ್ದಾಳೆ.

ಒಂದು ದಿನ ಕಾಲೇಜಿನಿಂದ ಬಂದೆ. ಮೇಜಿನ ಮೇಲೆ ಈಳಿಗೆಮಣೆ, ಕತ್ತರಿ, ಅದರ ಪಕ್ಕದಲ್ಲಿ ಸ್ಟೀಲ್ ಚಮಚದ ಹಾಗೆ ಹೊಳೆಯುವ ಒಂದು ವಸ್ತು. ಹಿಡಿ ನೋಡಿ ಗುರುತು ಹಿಡಿದೆ.

"ಸಾಣೆ ಹಿಡಿಯೋನು ಬಂದಿದ್ದ," ಎಂದಳು ಹೆಂಡತಿ, ಕಾಫಿ ತಂದಿಡುತ್ತಾ. "ನಿಮ್ ಚಾಕೂ ಕೊಟ್ಟೆ. ಅಲೆಅಲೆಯಾಗಿ ಎಂಥಾ ತುಕ್ಕು ಹಿಡಿದಿತ್ತು ಅಂದ್ರೆ, ಪಾಪ ಅವನು ಅರ್ಧ ಗಂಟೆ ಉಜ್ಜಿದ."

ನಾನು ಕಾಫಿ ಕುಡಿಯದೆ ಸ್ಕೂಟರ್ ಹತ್ತಿದೆ. ಹೋಗಿ ಏನು ಮಾಡುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ. ಸಾಣೆಯವನು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ಲಿಗೆ ಒರಗಿ ಟೀ ಕುಡಿಯುತ್ತಿದ್ದ. ಚಾಕು ತೋರಿಸಿದೆ. ಅವನ ಮುಖ ಅರಳಿತು.

"ಅದಾ ಸಾಮಿ? ಸುಮ್ಕೆ ಹೋಗೋ ತುಕ್ಕಲ್ಲ ಅದು. ಉಜ್ಜುದಂಗೂ ಒಳಗಿಂದ ಬತ್ತಾನೇ ಇತ್ತು. ನಾನೂ ಬುಡ್ಲಿಲ್ಲ."

ಕೆಲಸದ ಬಗ್ಗೆ ಅಷ್ಟು ಶ್ರದ್ಧೆ ಇರುವ ಮನುಷ್ಯನಿಗೆ ಏನು ಹೇಳುವುದು? ನಾನೂ ಒಂದು ಟೀ ಕುಡಿದು ವಾಪಸ್ ಬಂದೆ. ಮನೆಯಲ್ಲಿ ಆ ಚಾಕನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ಕೂತೆ. ಹೆಂಡತಿ ಹತ್ತಿರ ಬಂದು ಕೂತಳು. ನನ್ನ ಬೇಜಾರು ಅವಳಿಗೆ ಅರ್ಥವಾಗಿತ್ತು, ಅವಳದೇ ರೀತಿಯಲ್ಲಿ.

"ಯೋಚನೆ ಮಾಡ್ಬೇಡಿ. ಬೀರು ಒಳಗೆ ಇನ್ನೆರಡಕ್ಕೆ ಹಂಗೇ ಆಗಿರೋದು ನೋಡಿದೀನಿ. ಶುಕ್ರವಾರ ಬಾ ಅಂತ ಹೇಳಿದೀನಿ."

೫. ಮಹಜರು

ಚುನಾವಣೆಯ ಕಾಲ. ಮಂಡ್ಯದ ಒಬ್ಬ ಹಲ್ಲಿನ ಡಾಕ್ಟರಿಗೆ ಹೊಸದಾಗಿ ಈ ಹುಚ್ಚು ಹತ್ತಿದೆ ಎಂದು ಕೇಳಿ, ನಾವಿಬ್ಬರೂ ಸಂಭ್ರಮದಿಂದ ಗೆಳೆಯನ ಕಾರಿನಲ್ಲಿ ಹೊರಟೆವು. ಹನ್ನೊಂದು ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಚೆಕ್‌ಪೋಸ್ಟ್. ಶಾಮಿಯಾನದ ಕೆಳಗೆ ಒಂದು ಮೇಜು, ಒಬ್ಬ ಸಬ್ ಇನ್ಸ್‌ಪೆಕ್ಟರು, ಒಬ್ಬ ಹೆಡ್ ಕಾನ್ಸ್‌ಟೇಬಲ್, ಇಬ್ಬರು ಪೇದೆಗಳು. ಅವರು ಹುಡುಕುತ್ತಿದ್ದದ್ದು ಮತದಾರರಿಗೆ ಹಂಚಲು ಒಯ್ಯುವ ಸೀರೆ, ಕುಕ್ಕರು. ಅವತ್ತು ಹಿಡಿದ ಮೂರು ಮೂಟೆ ಸೀರೆ ಮೇಜಿನ ಪಕ್ಕದಲ್ಲೇ ಬಿದ್ದಿದ್ದವು. ಪೇದೆ ಆ ಗಂಟು ಬಿಡಿಸಿ ನೋಡಿ, ಎರಡು ಹೆಜ್ಜೆ ಹಿಂದೆ ಹೋದ.

ಸಬ್ ಇನ್ಸ್‌ಪೆಕ್ಟರು ಬಂದರು. "ಏನ್ ಕೆಲಸ ಮಾಡ್ತೀರಿ?"

"ಲೆಕ್ಚರರ್ ಸಾರ್."

"ಯಾವ ಸಬ್ಜೆಕ್ಟು?"

"ಬಾಟನಿ."

"ಬಾಟನಿಗೆ ಹನ್ನೊಂದು ಚಾಕಾ?"

ಸರ್ಕಾರಿ ನೌಕರ, ಚುನಾವಣೆಯ ಹೊತ್ತಿನಲ್ಲಿ ಆಯುಧದ ಕೇಸು. ಅಮಾನತ್ತಿನ ಆದೇಶವನ್ನು ನೋಟಿಸ್ ಬೋರ್ಡಿಗೆ ಹಚ್ಚುವುದು, ನನ್ನ ವಿದ್ಯಾರ್ಥಿಗಳು ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆಯುವುದು, ಎಲ್ಲ ಕಣ್ಣ ಮುಂದೆ ಬಂತು. ಕೈ ಮುಗಿದು ಹೇಳಿದೆ, ಇವು ಸಂಗ್ರಹದವು, ಹೋಲಿಸಿ ನೋಡುವುದಕ್ಕೆ ಮಾತ್ರ.

"ಹೋಲಿಸಿ ನೋಡಿ ಆಮೇಲೆ?"

"ಆಮೇಲೆ ಮಡಚಿ ಇಡ್ತೀವಿ ಸಾರ್."

ಅವರು ನಂಬಲಿಲ್ಲ. ಮಹಜರು ಬರೆಯಲು ಹೆಡ್ ಕಾನ್ಸ್‌ಟೇಬಲ್ ಕೂತರು. ಒಂದೊಂದೇ ಚಾಕು ಬಿಚ್ಚಿ, ಸ್ಕೇಲ್ ಇಟ್ಟು ಅಳೆಯಬೇಕು. ಬಿಚ್ಚುವುದೇನೋ ಬಿಚ್ಚಿದರು, ಮಡಚಲು ಬರಲಿಲ್ಲ. ಒಂದೊಂದಕ್ಕೆ ಒಂದೊಂದು ಬಗೆಯ ಲಾಕು. ಪೇದೆಗಳು ಬಿಚ್ಚಿದ ಚಾಕು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತರು. ಕೊನೆಗೆ ಆರೋಪಿಗಳಾದ ನಾವೇ ಪೊಲೀಸರಿಗೆ ಮಡಚುವುದನ್ನು ಹೇಳಿಕೊಟ್ಟೆವು. ನನ್ನ ಗೆಳೆಯನಿಗೆ ತಾನು ಎಲ್ಲಿದ್ದೇನೆ ಎಂಬುದೇ ಮರೆತುಹೋಯಿತು. "ಅದನ್ನ ಬರ್ಕೊಳ್ಳೋ ಮುಂಚೆ ಇದನ್ನ ಹಿಡ್ದು ನೋಡಿ ಸಾರ್, ಕೈಗೆ ಹೆಂಗ್ ಕೂರುತ್ತೆ," ಎಂದ. ನಾನು ಅವನನ್ನು ಚಿವುಟಿದೆ.

ಮಹಜರಿಗೆ ಸಾಕ್ಷಿ ಬೇಕು. ರಸ್ತೆಯ ಆಚೆ ತಳ್ಳುಗಾಡಿಯಲ್ಲಿ ಎಳನೀರು ಮಾರುತ್ತಿದ್ದವನನ್ನು ಕರೆದರು. ಅವನು ಕೈಯಲ್ಲಿದ್ದ ಮಚ್ಚಿನ ಸಮೇತ ಬಂದ. ಒಂದೂವರೆ ಅಡಿ ಉದ್ದದ್ದು. ಅದನ್ನು ಮಹಜರಿನ ಮೇಲೇ ಇಟ್ಟು, ನನ್ನ ಮೂರಿಂಚಿನ ಚಾಕನ್ನು ಎತ್ತಿ ಮುಖದ ಹತ್ತಿರ ಹಿಡಿದು ನೋಡಿದ.

"ಏನಂತ ಬರ್ದಿದ್ದೀರಿ ಸಾಮಿ?"

"ಮಾರಕಾಸ್ತ್ರ," ಎಂದರು ಹೆಡ್ ಕಾನ್ಸ್‌ಟೇಬಲ್.

"ಇದಾ? ಇದ್ರಲ್ಲಿ ಎಳನೀರಿಗೆ ಕೊಳವೆ ಇಡೋ ತೂತೂ ಬೀಳಕಿಲ್ಲ."

"ನಿನ್ನ ಅಭಿಪ್ರಾಯ ಬೇಡ. ಸೈನ್ ಹಾಕು."

"ಹಾಕ್ತೀನಿ, ಮಚ್ಚ ಒಸಿ ಅತ್ಲಾಗಿಡಿ. ಸೈನ್ ಹಾಕೋ ಜಾಗದ ಮೇಲೈತೆ."

ಪೇದೆ ಮಚ್ಚನ್ನು ಜೋಪಾನವಾಗಿ ಎತ್ತಿ ಹಿಡಿದುಕೊಂಡ. ಸೈನ್ ಆದ ಮೇಲೆ ವಾಪಸ್ ಕೊಟ್ಟ. ಇನ್ನೊಂದು ಸಾಕ್ಷಿಗೆ ಕರೆದಾರು ಎಂದು ಎಳನೀರಿನವನು ಗಾಡಿ ತಳ್ಳಿಕೊಂಡು ಹೊರಟೇ ಹೋದ.

ಈಗ ಸೀಲು ಮಾಡುವ ಕೆಲಸ. ಹನ್ನೊಂದನ್ನೂ ಬಟ್ಟೆಯ ಚೀಲಕ್ಕೆ ಹಾಕಿ, ದಬ್ಬಳಕ್ಕೆ ಸೆಣಬಿನ ದಾರ ಪೋಣಿಸಿ ಹೆಡ್ ಕಾನ್ಸ್‌ಟೇಬಲ್ ಬಾಯಿ ಹೊಲಿದರು. ಒಳ್ಳೆಯ ಹೊಲಿಗೆ. ಗಂಟು ಹಾಕಿದರು. ಚೀಲಕ್ಕೂ ದಾರದ ಉಂಡೆಗೂ ನಡುವೆ ಎಳೆ ಹಾಗೇ ಉಳಿಯಿತು. ಹಲ್ಲಿನಲ್ಲಿ ಕಚ್ಚಿ ಎಳೆದರು, ಬರಲಿಲ್ಲ. ಪೇದೆಯೂ ಕಚ್ಚಿದ.

"ಕತ್ತರಿಸೋಕೆ ಏನಾದ್ರೂ ಇದ್ಯೇನ್ರಿ ಯಾರ ಹತ್ರಾದ್ರೂ?" ಎಂದರು ಸಬ್ ಇನ್ಸ್‌ಪೆಕ್ಟರು.

ಪೇದೆಗಳು ಜೇಬು ತಡವಿಕೊಂಡರು. ನನ್ನ ಗೆಳೆಯ ಮೆಲ್ಲಗೆ ಹೇಳಿದ.

"ಒಳಗೆ ಹನ್ನೊಂದಿವೆ ಸಾರ್."

ಸಬ್ ಇನ್ಸ್‌ಪೆಕ್ಟರು ಅವನನ್ನೂ ನೋಡಿದರು, ಚೀಲವನ್ನೂ ನೋಡಿದರು. ಕೊನೆಗೆ ಪೇದೆಗಳಿಬ್ಬರೂ ಉಗುರಿನಲ್ಲಿ ಹೊಲಿಗೆ ಬಿಡಿಸಲು ಕೂತರು. ಹತ್ತು ನಿಮಿಷಕ್ಕೆ ಎರಡು ಬೆರಳು ತೂರುವಷ್ಟು ಸಂದಿ ಆಯಿತು. ಒಂದು ಚಾಕು ಎಳೆದು ತೆಗೆದರು. ಸಬ್ ಇನ್ಸ್‌ಪೆಕ್ಟರು ತಾವೇ ದಾರ ಕತ್ತರಿಸಿದರು. ಅಲಗು ಮುಟ್ಟಿದ್ದಷ್ಟೇ, ದಾರ ಎರಡಾಯಿತು. ಅವರು ಇನ್ನೊಂದು ತುಂಡು ದಾರವನ್ನು ಸುಮ್ಮನೆ ಕತ್ತರಿಸಿ ನೋಡಿದರು.

"ಈಗ ಇದನ್ನೂ ಒಳಗೆ ಹಾಕಿ ಮತ್ತೆ ಹೊಲಿಯೋದಾ ಸಾರ್?" ಎಂದರು ಹೆಡ್ ಕಾನ್ಸ್‌ಟೇಬಲ್.

"ಹೊಲಿದ್ರೆ ದಾರ ಯಾವುದ್ರಲ್ಲಿ ಕತ್ತರಿಸ್ತೀರ್ರಿ?"

ಹೆಡ್ ಕಾನ್ಸ್‌ಟೇಬಲ್ ದಬ್ಬಳವನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಆಮೇಲೆ ಸಬ್ ಇನ್ಸ್‌ಪೆಕ್ಟರು ಮಹಜರನ್ನು ನಾಲ್ಕಾಗಿ ಹರಿದು, ಕೈಯಲ್ಲಿದ್ದ ಚಾಕನ್ನು ಮಡಚಿ ಚೀಲಕ್ಕೆ ತುರುಕಿ, ಅದನ್ನು ನನ್ನ ಕಡೆ ತಳ್ಳಿದರು. "ಹೋಗಿ ಮೇಷ್ಟ್ರೇ. ಮನೆ ಈಳಿಗೆಮಣೆಗಿಂತ ಚಿಕ್ಕವಿದಾವೆ. ಎಲೆಕ್ಷನ್ ಮುಗಿಯೋವರೆಗೂ ಹೊರಗೆ ತೆಗೀಬೇಡಿ."

ಚೀಲ ಎತ್ತಿಕೊಂಡು ಕಾರಿನ ಕಡೆ ಓಡುವುದರಲ್ಲಿದ್ದೆ. ಹಿಂದಿನಿಂದ ಹೆಡ್ ಕಾನ್ಸ್‌ಟೇಬಲ್ ಸಾಹೇಬರಿಗೆ ಹೇಳುತ್ತಿದ್ದದ್ದು ಕೇಳಿಸಿತು.

"ಒಂದ್ನ ಬುಟ್ಟೋಗಕ್ಕೆ ಹೇಳಿ ಸಾರ್. ಇನ್ನೂ ಮೂರು ಸೀರೆ ಮೂಟೆ ಹೊಲಿಯೋದೈತೆ."